ಒರೆಸಿಟ್ಟ ಮೇಜು

ಜನವರಿ ೯

ಅಕ್ಕಾ,

ಎರಡೂ ಕಡೆಯಿಂದ ಕರೆ ಬಂದಿದೆ. ಬರೆದ ಈ ಸಾಲನ್ನು ನಾನೇ ಓದಿಕೊಂಡೆ, ನಂಬಿಕೆ ಬರಲಿಲ್ಲ, ಮತ್ತೆ ಓದಿದೆ. ನಿಮ್ಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಿಂದ ಒಂದು, ಹೊಳೆಯಾಚೆಯ ಆ ಚಿಕ್ಕ ವಿಶ್ವವಿದ್ಯಾಲಯದಿಂದ ಇನ್ನೊಂದು. ಪಿಎಚ್.ಡಿ.ಗೆ ಸೀಟು ಕೊಟ್ಟೇಬಿಟ್ಟರು ಎಂದಲ್ಲ. ಮಾರ್ಚ್ ಕೊನೆಗೆ ಬನ್ನಿ, ಎರಡು ದಿನ ಇರಿ, ನೀವು ನಮ್ಮನ್ನು ನೋಡಿ, ನಾವು ನಿಮ್ಮನ್ನು ನೋಡುತ್ತೇವೆ ಎಂದು ಬರೆದಿದ್ದಾರೆ. ಅಮ್ಮ ಓದಿ, "ಸಂತೇಲಿ ತರಕಾರಿ ಒತ್ತಿ ನೋಡೋ ಹಾಗಿದೆಯಲ್ಲೇ. ಇದರಲ್ಲಿ ತರಕಾರಿ ಯಾರು, ನೀನೋ ಅವರೋ?" ಎಂದಳು.

ನಿಮ್ಮ ವಿಭಾಗದ ಪತ್ರಕ್ಕೆ ಸಹಿ ಹಾಕಿರುವುದು ಬೇರೆ ಯಾರೂ ಅಲ್ಲ, ನಿನ್ನ ಗೈಡ್. ಕೊನೆಯಲ್ಲಿ ತಮ್ಮ ಕೈಯಿಂದಲೇ ಸೇರಿಸಿದ್ದಾರೆ: "ನೀರಿನಲ್ಲಿರುವ ಗಂಧಕದ ಮೇಲೆ ನೀವು ಮಾಡಿರುವ ಕೆಲಸ ನಮ್ಮ ಲ್ಯಾಬಿಗೆ ಹೇಳಿ ಮಾಡಿಸಿದಂತಿದೆ. ನಿಮ್ಮ ಅಕ್ಕನೂ ಇಲ್ಲೇ ಇರುವುದು ನಮಗೆ ಸಂತೋಷ." ನೀರು ಪರೀಕ್ಷೆಯ ಕಚೇರಿಯಲ್ಲಿ ಬಾಟಲಿ ತೊಳೆಯುತ್ತಾ, ಅಳೆಯುತ್ತಾ ಕೂತವಳಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ದೊಡ್ಡಮ್ಮನಿಗೂ ಓದಿ ಹೇಳಿದೆ. ಅವಳು ನಿನ್ನನ್ನು ಹೆತ್ತ ಹೆಮ್ಮೆಯನ್ನೂ ನನ್ನ ಹೆಮ್ಮೆಯನ್ನೂ ಸೇರಿಸಿ ಪಕ್ಕದ ಮನೆಗೆ ಹಂಚಿ ಬಂದಳು.

ಈಗ ನನ್ನ ಹೆದರಿಕೆ ಕೇಳು. ನಿನಗೆ ಗೊತ್ತಲ್ಲ, ನಾಲ್ಕು ಜನ ಒಟ್ಟಿಗೆ ಮುಖ ನೋಡಿದರೆ ನನಗೆ ನನ್ನ ಹೆಸರೇ ಮರೆತುಹೋಗುತ್ತದೆ. ಅಲ್ಲಿ ಪ್ರೊಫೆಸರ್‌ಗಳ ಜೊತೆ ಊಟವಂತೆ. ಊಟ ಮಾಡುತ್ತಾ ವಿಜ್ಞಾನ ಮಾತಾಡುವುದು ಹೇಗೆ? ತುತ್ತು ಬಾಯಲ್ಲಿದ್ದಾಗ ಪ್ರಶ್ನೆ ಕೇಳಿದರೆ ನುಂಗಬೇಕೋ ಉತ್ತರಿಸಬೇಕೋ? ಏನು ಹಾಕಿಕೊಳ್ಳಲಿ, ಏನು ಕೇಳಲಿ, ಯಾರ ಹತ್ತಿರ ಜಾಗ್ರತೆಯಿಂದ ಇರಲಿ, ಎಲ್ಲ ಬರೆ. ಫೋನು ಮಾಡೋಣವೆಂದರೆ ನಿನ್ನ ಮನೆಯೊಡತಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾಳೆ ಎಂದು ನೀನೇ ಹೇಳಿದ್ದೆ. ನಮ್ಮ ಹಳೆಯ ದಾರಿಯೇ ಸರಿ.

ನಿನ್ನ ಕೋಣೆಯಲ್ಲೇ ಉಳಿಯುತ್ತೇನೆ. ನೆಲದ ಮೇಲೆ ಮಲಗಿದರೂ ಸರಿ.

ನಿನ್ನ ಬಾಲ

*

ಜನವರಿ ೨೧

ಬಾಲವೇ,

ಚಿಕ್ಕಂದಿನಲ್ಲಿ ನಾನು ಹೋದಲ್ಲೆಲ್ಲ ಹಿಂದೆ ಬರುತ್ತಿದ್ದೆ ಎಂದು ಆ ಹೆಸರಿಟ್ಟೆ. ಈಗ ಬಾಲ ಮುಂದೆ ಬಂದು ಮೂತಿಯನ್ನೇ ದಾಟುವ ಹಾಗೆ ಕಾಣುತ್ತದೆ. ತುಂಬಾ ಸಂತೋಷವಾಯಿತು.

ಹೊಸ ಷೂ ಹಾಕಿಕೊಂಡು ಬರಬೇಡ. ದಿನವಿಡೀ ಕಟ್ಟಡದಿಂದ ಕಟ್ಟಡಕ್ಕೆ ನಡೆಸುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿ ಸುಲಿದು ನಗು ಹುಳ್ಳಗಾಗುತ್ತದೆ. ಚಿಕ್ಕಮ್ಮ ಹೊಲಿದ ಬೂದು ಕೋಟು ಸಾಕು. ಊಟದಲ್ಲಿ ಸಾರು ತೆಗೆದುಕೊಳ್ಳಬೇಡ, ಚೆಲ್ಲುತ್ತೀಯ. ಬ್ರೆಡ್ಡು ಸಣ್ಣ ಸಣ್ಣಗೆ ಮುರಿದು ತಿನ್ನು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು. ಹಾಗೆ ಹೇಳಿದವರನ್ನು ಒಳ್ಳೆಯ ಮೇಷ್ಟ್ರುಗಳು ನೆನಪಿಟ್ಟುಕೊಳ್ಳುತ್ತಾರೆ.

ಹೊಳೆಯಾಚೆಯವರನ್ನು ಚಿಕ್ಕವರೆಂದು ತಳ್ಳಿಹಾಕಬೇಡ. ಅಲ್ಲಿಗೆ ಹೋದಾಗ ಗೋಡೆಯ ಮೇಲಿನ ಫೋಟೋಗಳನ್ನು ನೋಡಬೇಡ, ಹುಡುಗರನ್ನು ನೋಡು. ಗೈಡ್ ಒಳಗೆ ಬಂದಾಗ ಅವರ ಮಾತು ನಿಲ್ಲುತ್ತದೆಯೋ ಮುಂದುವರಿಯುತ್ತದೆಯೋ ಗಮನಿಸು. ಅರ್ಧಕ್ಕೇ ಬಿಟ್ಟು ಹೋದವರು ಎಷ್ಟು, ಅವರೆಲ್ಲ ಈಗ ಎಲ್ಲಿದ್ದಾರೆ ಎಂದು ಕೇಳು. ಏನಾದರೂ ಕೆಟ್ಟರೆ ರಿಪೇರಿಗೆ ಯಾರಿಗೆ ಹೇಳುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ ಎಂದೂ ಕೇಳು. ನನಗೇನೋ ಅದೇ ಒಳ್ಳೆಯ ಜಾಗ ಅನ್ನಿಸುತ್ತದೆ.

ನಮ್ಮ ಲ್ಯಾಬು ದೊಡ್ಡದು. ಕೆಲಸ ಜಾಸ್ತಿ. ಕಿಟಕಿಗಳು ಪೂರ್ವಕ್ಕಿವೆ.

ನನ್ನ ಕೋಣೆಯಲ್ಲಿ ಇಬ್ಬರಿಗೆ ಜಾಗವಿಲ್ಲ. ಅತಿಥಿಗೃಹದಲ್ಲೇ ಇರು, ಬಿಸಿನೀರು ಬರುತ್ತದೆ. ಹೋದ ವಾರ ಹಾಲು ಒಲೆಯ ಮೇಲಿಟ್ಟು ಓದುತ್ತಾ ಕೂತಿದ್ದೆ. ಪಾತ್ರೆಯ ತಳ ಸೀದು ಕರಿಯಾಗಿ, ಮನೆಯೊಡತಿ ಮಹಡಿಯಿಂದ ಓಡಿ ಬಂದು ಬಾಗಿಲು ಬಡಿದಳು. ಅಲ್ಲಿಯವರೆಗೂ ನನಗೆ ತಿಳಿಯಲಿಲ್ಲ. ಓದು ಎಂದರೆ ಹೀಗಿರಬೇಕು ನೋಡು.

ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಎಂದು ಹೇಳು.

ಅಕ್ಕ

*

ಫೆಬ್ರವರಿ ೩

ಅಕ್ಕಾ,

ನಿನ್ನ ಪತ್ರದಲ್ಲಿ ಹೊಳೆಯಾಚೆಯವರಿಗೆ ಒಂದು ಪುಟ, ನಿನ್ನ ಲ್ಯಾಬಿಗೆ ಮೂರು ತುಂಡು ವಾಕ್ಯ. ಕಿಟಕಿ ಪೂರ್ವಕ್ಕಿದ್ದರೆ ನಾನೇನು ಬಟ್ಟೆ ಒಣಗಿಸಬೇಕೇ? ಅತಿಥಿಗೃಹದ ಮಾತಿಗೆ ಸ್ವಲ್ಪ ಬೇಜಾರಾಯಿತು. ಹೋಗಲಿ, ದೊಡ್ಡ ಓದಿನವರು, ಏಕಾಂತ ಬೇಕು.

ನಾನು ತೀರ್ಮಾನ ಮಾಡಿಬಿಟ್ಟಿದ್ದೇನೆ. ಹೊಳೆಯಾಚೆಗೂ ಹೋಗಿ ಬರುತ್ತೇನೆ, ಆದರೆ ಮನಸ್ಸು ನಿಮ್ಮಲ್ಲೇ ಇದೆ. ನಿನ್ನ ಗೈಡ್‌ಗೆ ಹಾಗೆಂದು ಬರೆದೆ. ಅವರು ಮರುಟಪಾಲಿನಲ್ಲೇ ಉತ್ತರ ಕೊಟ್ಟರು. ನನಗೆಂದೇ ಒಂದು ಮೇಜು ಖಾಲಿ ಇದೆಯಂತೆ, ಫ್ಯೂಮ್ ಹುಡ್ ಪಕ್ಕದಲ್ಲೇ. ವಿಷಗಾಳಿಯನ್ನು ಹೊರಗೆಳೆಯುವ ಆ ಗಾಜಿನ ಗೂಡು ನಮ್ಮ ಕಚೇರಿಯಲ್ಲಿ ಒಂದೇ ಒಂದಿದೆ, ಅದರೊಳಗೆ ದೊಡ್ಡ ಸಾಹೇಬರು ಹಳೆಯ ಫೈಲು ಇಟ್ಟಿದ್ದಾರೆ. ನಿಜವಾದ ಹುಡ್ ಪಕ್ಕದಲ್ಲಿ ಕೂರುವ ಯೋಗ ನನಗೂ ಬಂತು.

ಅಂದ ಹಾಗೆ, ನಿಮ್ಮ ಲ್ಯಾಬಿನ ಆ ಉದ್ದನೆಯ ಗೆಳೆಯ, ಏಣಿಯ ಸುದ್ದಿಯೇ ಇಲ್ಲವಲ್ಲ? ಹೋದ ವರ್ಷವೆಲ್ಲ ನಿನ್ನ ಪತ್ರ ತೆರೆದರೆ ಏಣಿ. ಏಣಿ ಬಾಗಿಲಿಗೆ ತಲೆ ಹೊಡೆದುಕೊಂಡ, ಏಣಿ ಬಲ್ಬು ಬದಲಾಯಿಸಿದ, ಕುರ್ಚಿಯೇ ಬೇಕಾಗಲಿಲ್ಲ. ಜಗಳವಾಡಿದಿರಾ? ನಾನು ಬಂದಾಗ ಅವನನ್ನು ತಲೆಯೆತ್ತಿ ನೋಡಬೇಕು ಎಂದು ಆಸೆ ಇದೆ.

ನಿನ್ನ ಬಾಲ

*

ಫೆಬ್ರವರಿ ೧೧

ಬಾಲ,

ಇಲ್ಲಿಗೆ ಬರಬೇಡ. ಹೊಳೆಯಾಚೆಗೆ ಹೋಗು, ಅವರು ಸೀಟು ಕೊಟ್ಟರೆ ತೆಗೆದುಕೋ. ಇಲ್ಲಿಗೆ ಮೈಗೆ ಹುಷಾರಿಲ್ಲ ಎಂದು ಬರೆದುಬಿಡು.

ಯಾಕೆ ಎಂದು ಕೇಳಬೇಡ. ಆ ಮೇಜು ನಿನಗೆ ಬೇಡ. ನನ್ನ ಮಾತು ಇದೊಂದು ಸಲ ಕೇಳು.

ಅಕ್ಕ

*

ಫೆಬ್ರವರಿ ೧೯

ಅಕ್ಕಾ,

ನಿನ್ನ ಚೀಟಿ ಬಂತು. ಪತ್ರ ಎನ್ನಲು ಮನಸ್ಸು ಬರುತ್ತಿಲ್ಲ.

ಓದಿ ಮೊದಲು ಅತ್ತೆ, ಆಮೇಲೆ ಸಿಟ್ಟು ಬಂತು. ಚಿಕ್ಕಂದಿನಿಂದ ನಿನ್ನ ಹಳೆಯ ಬಟ್ಟೆ ಹಾಕಿದೆ, ನಿನ್ನ ಹಳೆಯ ಪುಸ್ತಕ ಓದಿದೆ, ನೀನು ಬಿಟ್ಟ ಜಾಗದಲ್ಲಿ ಕೂತು ಪರೀಕ್ಷೆ ಬರೆದೆ. ಆಗೆಲ್ಲ ಬಾಲ ಮುದ್ದು. ಅದೇ ಬಾಲ ಪಕ್ಕದ ಮೇಜಿಗೆ ಬರುತ್ತೇನೆ ಎಂದರೆ ಅಕ್ಕನಿಗೆ ಇರಿಸುಮುರಿಸು. ನಾನು ನೀರಿನ ಕಚೇರಿಯಿಂದ ಬಂದವಳು, ನಿನ್ನ ಗೆಳೆಯರ ಮುಂದೆ ತೊದಲುತ್ತೇನೆ, ನಿನಗೆ ನಾಚಿಕೆ. ಹೌದು ತಾನೇ? ನೇರವಾಗಿ ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಾನು ಒಂದು ಕೆಲಸ ಮಾಡಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ, ಹೇಳಿಬಿಡುತ್ತೇನೆ. ಚೀಟಿ ಕೈಗೆ ಸಿಕ್ಕ ಸಂಜೆಯೇ ನಿನ್ನ ಗೈಡ್‌ಗೆ ಬರೆದೆ. ಅಕ್ಕ ಆ ಮೇಜು ನನಗೆ ಬೇಡ, ಬರಲೇಬೇಡ ಎನ್ನುತ್ತಾಳೆ, ನಾನು ಬರುವುದರಿಂದ ಯಾರಿಗಾದರೂ ತೊಂದರೆಯೇ ಎಂದು ಕೇಳಿದೆ. ಎಷ್ಟು ದೊಡ್ಡ ಮನಸ್ಸು ಅವರದ್ದು. "ನಿಮ್ಮ ಅಕ್ಕ ಈಚೆಗೆ ತುಂಬಾ ದಣಿದಿದ್ದಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಖಂಡಿತ ಬನ್ನಿ. ಬರುವಾಗ ಅವರ ಆ ಪತ್ರವನ್ನೂ ತನ್ನಿ, ಅವರ ಚಿಂತೆ ಏನೆಂದು ನಾನೂ ತಿಳಿಯಬೇಕು" ಎಂದು ಬರೆದಿದ್ದಾರೆ. ನಿನಗಿಂತ ನಿನ್ನ ಗೈಡ್‌ಗೇ ನನ್ನ ಮೇಲೆ ಅಕ್ಕರೆ.

ಬರುತ್ತೇನೆ. ನೀನು ಮಾತಾಡಿಸದಿದ್ದರೂ ಬರುತ್ತೇನೆ.

*

ಫೆಬ್ರವರಿ ೨೫

ಪ್ರೀತಿಯ ಸಹೋದರಿಗೆ,

ನಿನ್ನ ಪತ್ರ ತಲುಪಿತು. ಕಳೆದ ಪತ್ರವನ್ನು ನಾನು ಅತಿಯಾದ ಆಯಾಸದ ಸ್ಥಿತಿಯಲ್ಲಿ ಬರೆದಿದ್ದೆ. ಅದರಲ್ಲಿದ್ದ ಅಭಿಪ್ರಾಯಗಳಿಗೆ ಯಾವುದೇ ಆಧಾರವಿಲ್ಲ. ನಮ್ಮ ಪ್ರಯೋಗಾಲಯವು ಎಲ್ಲ ಸೌಕರ್ಯಗಳನ್ನೂ ಹೊಂದಿದೆ. ನಮ್ಮ ಮಾರ್ಗದರ್ಶಕರು ವಿದ್ಯಾರ್ಥಿಗಳ ಕ್ಷೇಮದ ಬಗ್ಗೆ ವಿಶೇಷ ಕಾಳಜಿ ವಹಿಸುತ್ತಾರೆ. ನೀನು ನಿಶ್ಚಿಂತೆಯಿಂದ ಬರಬಹುದು. ಬರುವಾಗ ನನ್ನ ಹಿಂದಿನ ಪತ್ರವನ್ನು ತಪ್ಪದೆ ತರತಕ್ಕದ್ದು.

ನಿನ್ನ ಅಣ್ಣನಿಗೆ ನನ್ನ ನಮಸ್ಕಾರ ತಿಳಿಸು. ಅವನ ಮಾತನ್ನು ಕೇಳು.

ಇಂತಿ,
ನಿನ್ನ ಸಹೋದರಿ

*

ಮಾರ್ಚ್ ೩

ಅಕ್ಕಾ,

ನನಗೆಲ್ಲಿಯ ಅಣ್ಣ?

ಕಚೇರಿಯಲ್ಲಿ ನಿಂತುಕೊಂಡೇ ಓದಿದೆ. ಮೊದಲು, ನನ್ನ ಮೇಲಿನ ಸಿಟ್ಟಿಗೆ ಸರ್ಕಾರಿ ಭಾಷೆಯಲ್ಲಿ ಬರೆದಿದ್ದಾಳೆ ಎಂದುಕೊಂಡೆ. "ಅಣ್ಣನಿಗೆ ನಮಸ್ಕಾರ" ಎಂಬಲ್ಲಿಗೆ ಬಂದಾಗ ಮತ್ತೆ ಮೊದಲಿನಿಂದ ಓದಿದೆ. ನಮ್ಮ ಎರಡೂ ಮನೆಯಲ್ಲಿ ಗಂಡುಮಕ್ಕಳೇ ಇಲ್ಲ. ಆ ಪತ್ರ ಬರೆಯುವಾಗ ನಿನ್ನ ಪಕ್ಕದಲ್ಲಿ ಯಾರೋ ಇದ್ದರು. ನೀನು ಅವರಿಗೆ ತಿಳಿಯದ ಹಾಗೆ, ಇದು ನನ್ನ ಮಾತಲ್ಲ ಎಂದು ನನಗೆ ಹೇಳಿದ್ದೀಯ. ಸರಿಯೇ?

ಹಾಗಿದ್ದರೆ ಅವರನ್ನು ನಿನ್ನ ಪಕ್ಕಕ್ಕೆ ಕರೆತಂದವಳು ನಾನು. ನನ್ನ ಬಾಯಿಗೆ ಬೆಂಕಿ ಬೀಳಲಿ. ನೀನು ನನ್ನೊಬ್ಬಳಿಗೆ ಹೇಳಿದ ಮಾತನ್ನು ತಟ್ಟೆಯಲ್ಲಿಟ್ಟು ಅವರಿಗೆ ಕೊಟ್ಟೆ.

ಇದನ್ನು ವಿಭಾಗದ ವಿಳಾಸಕ್ಕೆ ಹಾಕುತ್ತಿಲ್ಲ, ಮನೆಯೊಡತಿಯ ಹೆಸರಿಗೆ ಹಾಕಿ ಒಳಗೆ ನಿನ್ನ ಲಕೋಟೆ ಇಟ್ಟಿದ್ದೇನೆ. ಅಮ್ಮನಿಗೂ ದೊಡ್ಡಮ್ಮನಿಗೂ ಏನೂ ಹೇಳಿಲ್ಲ. ಆ ಚೀಟಿಯನ್ನು ಯಾರಿಗೂ ಕೊಡುವುದಿಲ್ಲ. ಬಾಗಿಲ ಹತ್ತಿರ ಟಪಾಲಿನವನ ಸೈಕಲ್ ನಿಂತರೆ ಅಮ್ಮನಿಗಿಂತ ಮೊದಲು ಓಡುತ್ತೇನೆ. ಏನಾಗಿದೆ ಅಕ್ಕಾ? ಅವರು ನಿನ್ನನ್ನು ಏನು ಮಾಡುತ್ತಿದ್ದಾರೆ?

ಬಾಲ

*

ಮಾರ್ಚ್ ೯

ಬಾಲ,

ಅಳಬೇಡ. ನಿನಗೆ ಗೊತ್ತಿರಲಿಲ್ಲ, ಗೊತ್ತಾಗದ ಹಾಗೆ ಮಾಡಿದವಳು ನಾನು. ಅವರು ನನ್ನನ್ನು ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಅಂದು ತಮ್ಮ ಕೋಣೆಗೆ ಕರೆದು, ಕುರ್ಚಿ ಎಳೆದುಕೊಟ್ಟು, ಟೀ ತರಿಸಿದರು. "ನಿಮ್ಮ ತಂಗಿ ಹೆದರಿದ್ದಾಳೆ ಪಾಪ. ಇಲ್ಲೇ ಎರಡು ಸಾಲು ಬರೆದುಕೊಡಿ, ನಾನೇ ಟಪಾಲಿಗೆ ಹಾಕಿಸ್ತೀನಿ" ಎಂದರು. ಬರೆಯುವಷ್ಟು ಹೊತ್ತೂ ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಅವರ ಮೇಜಿನ ಮೇಲೇ ಇತ್ತು.

ಈಗ ಏಣಿಯ ವಿಷಯ ಹೇಳುತ್ತೇನೆ. ಕೂತು ಓದು.

ಚಳಿ ಶುರುವಾಗುವ ಹೊತ್ತಿಗೆ ನಮ್ಮ ಹುಡ್‌ನ ಮೋಟಾರು ನಿಂತಿತು. ಹೇಳಿದೆವು, ಮತ್ತೆ ಹೇಳಿದೆವು. "ಈ ಒಂದು ಸುತ್ತು ಮುಗಿಸಿಬಿಡಿ, ಸಮ್ಮೇಳನ ಹತ್ತಿರ ಬಂತು, ಕಿಟಕಿ ತೆಗೆದುಕೊಂಡು ಮಾಡಿ" ಎಂದರು ಗೈಡ್. ನಾವು ಮಾಡುತ್ತಿದ್ದದ್ದು ಗಂಧಕದ ಅನಿಲದ ಕೆಲಸ, ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ. ಆ ಅನಿಲದ ಮೋಸ ನಿನಗೂ ಗೊತ್ತಿದೆ. ಸ್ವಲ್ಪವಿದ್ದರೆ ನಾರುತ್ತದೆ, ಹೆಚ್ಚಾದರೆ ಮೂಗನ್ನೇ ಕೊಲ್ಲುತ್ತದೆ. ಆಗ ವಾಸನೆ ಇಲ್ಲ, ಹೋಯಿತು ಎಂದುಕೊಳ್ಳುತ್ತೇವೆ.

ನಾನು ಪಕ್ಕದ ಕೋಣೆಯಿಂದ ಐಸು ತರಲು ಹೋಗಿದ್ದೆ. ಹಿಂದಿರುಗಿದಾಗ ಏಣಿ, "ವಾಸನೆ ನಿಂತುಹೋಯ್ತು ಕಣೇ, ಒಳ್ಳೆದಾಯ್ತು" ಎಂದ. ಮುಂದಿನ ಮಾತಿಗೆ ಬಾಯಿ ತೆರೆದವನು ಹಾಗೇ ಬಿದ್ದ. ಮರ ಬಿದ್ದ ಹಾಗೆ, ಕೈ ಕೂಡ ಮುಂದೆ ಚಾಚದೆ. ನಾನು ಉಸಿರು ಬಿಗಿಹಿಡಿದು ಅವನ ಕಾಲು ಹಿಡಿದು ಎಳೆದೆ. ಆ ಉದ್ದಕ್ಕೆ ಬಾಗಿಲು ದಾಟಿಸುವಷ್ಟರಲ್ಲಿ ನನ್ನ ಉಸಿರೂ ಮುಗಿದಿತ್ತು, ಒಳಕ್ಕೆಳೆದುಕೊಂಡೆ. ಕಾರಿಡಾರಿನಲ್ಲಿ ಯಾರೋ ನನ್ನನ್ನು ಎತ್ತಿದ್ದು ನೆನಪಿದೆ.

ಏಣಿ ಬದುಕಿದ್ದಾನೆ. ಆದರೆ ಮಾತು ತುಂಡು ತುಂಡಂತೆ. ಚಮಚ ಕೊಟ್ಟರೆ ಯಾವ ಕಡೆ ಹಿಡಿಯಬೇಕೆಂದು ನೋಡುತ್ತಾ ಕೂರುತ್ತಾನಂತೆ. ಅವನ ತಾಯಿ ಊಟ ಮಾಡಿಸುತ್ತಾರಂತೆ. ನನಗೆ ಹೋದದ್ದು ವಾಸನೆ ಮಾತ್ರ, ಇನ್ನೂ ಬಂದಿಲ್ಲ. ಹಾಲು ಸೀದದ್ದು ಓದಿನ ಮಗ್ನತೆಯಿಂದಲ್ಲ. ನೀನು ನನ್ನ ಕೋಣೆಯಲ್ಲಿ ಇದ್ದರೆ ಒಂದೇ ದಿನದಲ್ಲಿ ತಿಳಿದುಬಿಡುತ್ತಿತ್ತು.

ಗೈಡ್ ಎಲ್ಲರಿಗೂ ಹೇಳಿದ್ದು ಬೇರೆ. ಏಣಿಗೆ ಮನೆತನದ ಮೂರ್ಛೆರೋಗ ಇತ್ತಂತೆ, ಅವನು ಮುಚ್ಚಿಟ್ಟಿದ್ದನಂತೆ, ಬಿದ್ದಾಗ ಬಾಟಲಿ ಉರುಳಿ ಅನಿಲ ಹರಡಿತಂತೆ. ಮೋಟಾರು ಮರುದಿನವೇ ರಿಪೇರಿಯಾಯಿತು. ಹುಡ್ ಸರಿಯಾಗಿತ್ತು ಎಂದು ನಾನು ಸಹಿ ಹಾಕಬೇಕೆಂದು ಕೇಳುತ್ತಲೇ ಇದ್ದಾರೆ. ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ. "ಯೋಚನೆ ಮಾಡ್ತೀನಿ ಸಾರ್" ಎನ್ನುತ್ತೇನೆ, ಅವರು "ನಿಮ್ಮ ಅಧ್ಯಾಯದ ಬಗ್ಗೆ ನಾನೂ ಯೋಚನೆ ಮಾಡ್ತೀನಿ" ಎನ್ನುತ್ತಾರೆ. ಇಬ್ಬರೂ ನಗುತ್ತೇವೆ. ಅವರು ಕಾರಿಡಾರಿನಲ್ಲಿ ಬರುವ ಷೂ ಸದ್ದು ಕೇಳಿದರೆ ನನ್ನ ಬೆರಳು ಪಿಪೆಟ್ಟು ಬಿಡುತ್ತದೆ.

ಇಲ್ಲಿಯ ಹುಡುಗರು ಯಾರೂ ಅವರ ಲ್ಯಾಬಿಗೆ ಸೇರುತ್ತಿಲ್ಲ. ಹೊರಗಿನವರೂ ಸೇರದಿದ್ದರೆ ವಿಭಾಗದವರು ಯಾಕೆ ಎಂದು ಕೇಳುತ್ತಾರೆ. ಅದಕ್ಕೇ ನೀನು ಬೇಕು. ನಿನಗೆಂದು ಖಾಲಿ ಇರುವ ಮೇಜು ಯಾವುದು ಗೊತ್ತೇ? ಏಣಿಯದು. ಅವನ ಸಾಮಾನೆಲ್ಲ ಡಬ್ಬಿಗೆ ತುಂಬಿ, ಒರೆಸಿಟ್ಟಿದ್ದಾರೆ.

ಅಕ್ಕ

*

ಮಾರ್ಚ್ ೧೫

ಅಕ್ಕಾ,

ಅಮ್ಮನಿಗೆ ಹೇಳಿದೆ. ಹೇಳದೆ ಇರಲು ಆಗಲಿಲ್ಲ, ಅನ್ನ ಇಳಿಯುತ್ತಿರಲಿಲ್ಲ. ಅವಳು ನನ್ನ ಬೂದು ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಕೊನೆಯವರೆಗೂ ಕೇಳಿ, ದಾರ ಕಚ್ಚಿ ಕತ್ತರಿಸಿದಳು.

"ಹೋಗ್ತೀಯಾ?" ಎಂದಳು.

"ಹೋಗದಿದ್ರೆ ಬೇರೆ ಯಾರೋ ಬರ್ತಾರೆ ಆ ಮೇಜಿಗೆ. ಅವರಿಗೆ ಅಕ್ಕ ಇರಲ್ಲ ಅಲ್ಲಿ, ಬರಬೇಡ ಅಂತ ಬರೆಯೋಕೆ."

"ಹೆದರಿಕೆ ಆಗ್ತಿದೆಯಾ?"

"ಆಗ್ತಿದೆ."

"ಆಗಲಿ. ಹೆದರಿಕೆ ಇಲ್ಲದೋರು ಆ ಮನುಷ್ಯನ ಥರ ಆಗ್ತಾರೆ" ಎಂದು ಕೋಟು ಕೊಡವಿ ನನ್ನ ಕೈಗೆ ಕೊಟ್ಟಳು. ದೊಡ್ಡಮ್ಮನಿಗೆ ಹೇಳುವುದು ನಿನಗೇ ಬಿಟ್ಟದ್ದು ಎಂದೂ ಹೇಳಿದಳು.

ಇಪ್ಪತ್ತೈದಕ್ಕೆ ನಿಮ್ಮಲ್ಲಿ, ಅಲ್ಲಿಂದ ಹೊಳೆಯಾಚೆಗೆ. ಅಲ್ಲಿ ಏನು ಮಾಡುತ್ತೇನೋ ನನಗೂ ಗೊತ್ತಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕನ್ನಡಿಯ ಮುಂದೆ ಹೇಳಿ ನೋಡಿದೆ. ಕನ್ನಡಿಗೇ ಕೇಳಿಸಲಿಲ್ಲ. ನೀನು ಪಕ್ಕದಲ್ಲಿ ನಿಂತರೆ ಹೇಳಿಯೇನು.

ಬಾಲ

*

ಮಾರ್ಚ್ ೧೯

ಬಾಲ,

ನಾನು ಪಕ್ಕದಲ್ಲಿ ಇರುವುದಿಲ್ಲ. ಆ ವಾರ ಉಪ್ಪುಕೆರೆಯಿಂದ ಪರೀಕ್ಷೆಗೆ ನೀರು ತರಲು ನನ್ನನ್ನು ಕಳಿಸುತ್ತಿದ್ದಾರೆ. "ನಿಮಗೂ ಗಾಳಿ ಬದಲಾಗುತ್ತೆ" ಎಂದರು.

ಬರಲೇಬೇಕೆಂದರೆ ಬಾ. ನಗು, ಊಟ ಮಾಡು, ಹೊರಟುಬಿಡು. ಏನೂ ಕೇಳಬೇಡ. ನನ್ನ ಕೊನೆಯ ಅಧ್ಯಾಯಕ್ಕೆ ಅವರ ಸಹಿ ಬೀಳಲಿ, ಆಮೇಲೆ ನಾನೇ ಎಲ್ಲ ಹೇಳುತ್ತೇನೆ. ಇಷ್ಟು ವರ್ಷದ ಓದು, ಬಾಲ. ಕೈಮುಗಿದು ಕೇಳುತ್ತೇನೆ.

ಅಕ್ಕ

*

ಮಾರ್ಚ್ ೨೭, ಹೊಳೆಯಾಚೆಯ ಅತಿಥಿಗೃಹದಿಂದ

ಅಕ್ಕಾ,

ನಾನು ಕೇಳಿಬಿಟ್ಟೆ. ಇದನ್ನು ಮೊದಲು ಬರೆಯುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ತಪ್ಪಿಸಿಕೊಳ್ಳುತ್ತೇನೆ.

ಕೇಳಬಾರದು ಎಂದೇ ಹೋಗಿದ್ದೆ, ನಂಬು. ನಿನ್ನ ಕೊನೆಯ ಪತ್ರ ಕೋಟಿನ ಜೇಬಲ್ಲೇ ಇತ್ತು. ಮೊದಲ ದಿನವೆಲ್ಲ ನಕ್ಕೆ. ನಿನ್ನ ಗೈಡ್ ಬಾಗಿಲಿಗೇ ಬಂದು ಕರೆದೊಯ್ದರು. ಇಷ್ಟು ಮೆತ್ತಗಿನ ದನಿಯನ್ನು ನಾನು ನಿರೀಕ್ಷಿಸಿರಲಿಲ್ಲ. "ಆ ಪತ್ರ ತಂದಿದ್ದೀರಾ?" ಎಂದರು. "ಕಳೆದುಹೋಯಿತು ಸಾರ್" ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಹೋಗಲಿ ಬಿಡಿ" ಎಂದರು.

ಲ್ಯಾಬಿಗೆ ಹೊಸ ಬಣ್ಣ ಬಳಿದಿದ್ದಾರೆ. ಅವರು ಒಳಗೆ ಕಾಲಿಟ್ಟಾಗ ಮಾತು ನಿಂತಿತು. ಆ ಮೇಜಿನ ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿದ್ದರು. ಕೂತು ನೋಡಿ ಎಂದರು, ಕೂತೆ. ಮೇಜು ಕನ್ನಡಿಯಂತಿತ್ತು. ತಲೆಯೆತ್ತಿದೆ. ಎಲ್ಲಕ್ಕಿಂತ ಮೇಲಿನ ಕಪಾಟಿನಲ್ಲಿ, ಗೋಡೆಗೆ ಒತ್ತಿಕೊಂಡು, ಒಂದು ಟೀ ಲೋಟವಿತ್ತು. ಒರೆಸಿದವರಿಗೆ ಅದು ಎಟುಕಿರಲಿಲ್ಲ. ಅಷ್ಟು ಎತ್ತರದಲ್ಲಿ ಲೋಟ ಇಟ್ಟವನು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಆದರೂ ನಕ್ಕೆ.

ಎರಡನೆಯ ದಿನ ಊಟದಲ್ಲಿ ನನ್ನ ಪಕ್ಕ ಕೂತವನು ನನ್ನ ಹಾಗೆಯೇ ನೋಡಲು ಬಂದವನು, ಹೈಸ್ಕೂಲಿನಲ್ಲಿ ಪಾಠ ಹೇಳುವ ಮೇಷ್ಟ್ರು. ಅಂಗಿಯ ತೋಳಿಗೆ ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು. ಮೆಲ್ಲಗೆ ಹೇಳಿದ: "ನಿಮ್ಮ ಅದೃಷ್ಟ, ನಿಮಗೆ ಆ ಲ್ಯಾಬ್ ಸಿಕ್ಕಿದೆ. ನೀವೇನಾದ್ರೂ ಬೇಡ ಅಂದ್ರೆ ಆ ಮೇಜು ನನಗೇ ಅಂತ ಸಾರ್ ಮಾತು ಕೊಟ್ಟಿದ್ದಾರೆ. ಬೇಡ ಅನ್ನೋ ಹಾಗಿದ್ರೆ ಬೇಗ ಹೇಳಿಬಿಡಿ, ನಾನು ಕೆಲಸಕ್ಕೆ ರಾಜೀನಾಮೆ ಕೊಡಬೇಕು." ಹೇಳಿ ನಾಚಿಕೊಂಡು ನಕ್ಕ. ತುತ್ತು ಬಾಯಲ್ಲೇ ಉಳಿಯಿತು. ನಾನು ನಗುತ್ತಾ ಊಟ ಮಾಡಿ ಹೊರಟುಬಿಟ್ಟರೆ ಈ ಮನುಷ್ಯ ಅಲ್ಲಿ ಕೂರುತ್ತಾನೆ.

ಊಟದ ನಂತರ ಎಲ್ಲರನ್ನೂ ಸೇರಿಸಿ ವಿಭಾಗದ ಮುಖ್ಯಸ್ಥೆ ಮಾತಾಡಿದರು. ಕೊನೆಗೆ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ಎದ್ದು ನಿಂತದ್ದು ನನ್ನ ಕಾಲು, ನಾನಲ್ಲ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ವಾಕ್ಯ ಒಂದಕ್ಷರವೂ ನೆನಪಾಗಲಿಲ್ಲ. "ನನಗೆ ಕೊಟ್ಟಿರೋ ಮೇಜಿನಲ್ಲಿ ಮೊದಲು ಕೂತಿದ್ದವರು ಈಗ ಎಲ್ಲಿದ್ದಾರೆ?" ಎಂದಷ್ಟೇ ಬಂತು.

ನಿನ್ನ ಗೈಡ್ ಕೂತಲ್ಲಿಂದಲೇ, "ಆರೋಗ್ಯ ಸರಿಯಿಲ್ಲದೆ ರಜದಲ್ಲಿದ್ದಾರೆ" ಎಂದರು, ತುಂಬಾ ಮರುಕದಿಂದ. ಮುಗಿಯಿತು ಎಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ನಿಮ್ಮ ಲ್ಯಾಬಿನ ಆ ದಪ್ಪ ಕನ್ನಡಕದ ಹುಡುಗಿ, ಎರಡು ದಿನವೂ ನನ್ನನ್ನು ಮಾತಾಡಿಸದವಳು, ಎದ್ದು ನಿಂತಿದ್ದಳು. "ರಜದಲ್ಲಿಲ್ಲ ಮೇಡಂ" ಎಂದಳು ಮುಖ್ಯಸ್ಥೆಗೆ. "ಅವನಿಗೆ ಚಮಚ ಹಿಡಿಯೋಕೆ ಬರಲ್ಲ. ಅವತ್ತು ಹುಡ್ ಕೆಟ್ಟಿತ್ತು." ಮೇಷ್ಟ್ರು ನನ್ನ ಮುಖ ನೋಡುತ್ತಿದ್ದ.

ಮೆಟ್ಟಿಲಿನ ಹತ್ತಿರ ನಿನ್ನ ಗೈಡ್ ನನ್ನನ್ನು ತಡೆದರು. ದನಿ ಅಷ್ಟೇ ಮೆತ್ತಗಿತ್ತು. "ನಿಮ್ಮ ಅಕ್ಕನಿಗೆ ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡಿದ್ದೀರಿ. ಪಾಪ, ಅವರ ಕೊನೆಯ ಅಧ್ಯಾಯ" ಎಂದು ಅರ್ಧಕ್ಕೇ ನಿಲ್ಲಿಸಿ ಇಳಿದು ಹೋದರು.

ಇಲ್ಲಿ ಹೊಳೆಯಾಚೆ ಎಲ್ಲರೂ ಚೆನ್ನಾಗಿ ಮಾತಾಡಿಸುತ್ತಿದ್ದಾರೆ. ಗೈಡ್ ಬಂದಾಗಲೂ ಹುಡುಗರು ಜೋರಾಗಿ ವಾದ ಮಾಡುತ್ತಲೇ ಇದ್ದರು. ನೀನು ಹೇಳಿದ್ದನ್ನೆಲ್ಲ ನೋಡಿದೆ, ಏನೂ ಮನಸ್ಸಿಗೆ ಇಳಿಯುತ್ತಿಲ್ಲ. ನಿನ್ನ ಇಷ್ಟು ವರ್ಷವನ್ನು ನಾನು ಒಂದು ವಾಕ್ಯದಲ್ಲಿ ನೀರಿಗೆ ಹಾಕಿದೆನೇ? ಬೈಯುವುದಾದರೂ ಬೈ, ಉತ್ತರ ಬರೆ.

ಬಾಲ

*

ಏಪ್ರಿಲ್ ೧೦

ಅಕ್ಕಾ,

ಉತ್ತರವಿಲ್ಲ. ಮನೆಯೊಡತಿಗೆ ಫೋನು ಮಾಡಿದೆ. "ಬೆಳಿಗ್ಗೆ ಹೋಗ್ತಾಳೆ, ಸಂಜೆ ಬರ್ತಾಳೆ, ಮುಖ ಗಂಟು ಹಾಕ್ಕೊಂಡಿರ್ತಾಳೆ" ಎಂದಳು. ಜೀವಂತ ಇದ್ದೀಯ ಎಂದಾದರೂ ತಿಳಿಯಿತು. ದೊಡ್ಡಮ್ಮ ದಿನಾ ಕೇಳುತ್ತಾಳೆ, ಸುಳ್ಳು ಹೇಳಿ ಹೇಳಿ ನಾಲಿಗೆ ಸವೆದಿದೆ. ಹೊಳೆಯಾಚೆಯವರು ಸೀಟು ಕೊಟ್ಟಿದ್ದಾರೆ. ನಿನ್ನನ್ನು ಕೇಳದೆ ಒಪ್ಪಿಕೊಳ್ಳಲು ಕೈ ಬರುತ್ತಿಲ್ಲ.

ಒಂದೇ ಒಂದು ಸಾಲು.

ಬಾಲ

*

ಏಪ್ರಿಲ್ ೨೨

ಬಾಲ,

ಸಿಟ್ಟು ಬಂದಿತ್ತು, ಅದಕ್ಕೇ ಬರೆಯಲಿಲ್ಲ. ಉಪ್ಪುಕೆರೆಯಿಂದ ಬಾಟಲಿಗಳ ಪೆಟ್ಟಿಗೆ ಹೊತ್ತು ಬಂದಾಗ ನನ್ನ ಮೇಜೂ ಖಾಲಿಯಾಗಿತ್ತು, ನನ್ನ ಸಾಮಾನು ಡಬ್ಬಿಯಲ್ಲಿತ್ತು. ನಿಂತಲ್ಲೇ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಕನ್ನಡಕದ ಹುಡುಗಿ ನನ್ನ ಕೈಹಿಡಿದು ಮುಖ್ಯಸ್ಥೆಯ ಕೋಣೆಗೆ ಎಳೆದುಕೊಂಡು ಹೋದಳು. ಹುಡ್ ಸರಿಯಾಗಿತ್ತೇ ಎಂದು ಅವರು ಕೇಳಿದರು. ಬಾಯಿಗೆ ಬಂದದ್ದು ಅದೇ ಹಳೆಯ "ಯೋಚನೆ ಮಾಡ್ತೀನಿ." ಹುಡುಗಿ ನನ್ನ ಕೈ ಬಿಟ್ಟುಬಿಟ್ಟಳು. ಅವಳು ಕೈ ಬಿಟ್ಟಾಗ ಹೆದರಿಕೆ ಇನ್ನೂ ಹೆಚ್ಚಾಯಿತು. ಆಗ ಹೇಳಿದೆ. ಕೆಟ್ಟಿತ್ತು, ನಾವು ಹೇಳಿದ್ದೆವು, ಅವರು ಕಿಟಕಿ ತೆಗೆದುಕೊಂಡು ಮಾಡಿ ಎಂದಿದ್ದರು. ನನ್ನ ಮೂಗಿನ ವಿಷಯವನ್ನೂ ಹೇಳಿದೆ.

ಲ್ಯಾಬಿಗೆ ಬೀಗ ಹಾಕಿದ್ದಾರೆ, ವಿಚಾರಣೆ ನಡೆಯುತ್ತಿದೆ. ಅವರಿಗೆ ಏನೂ ಆಗಿಲ್ಲ, ಆಗುತ್ತದೆಯೋ ಇಲ್ಲವೋ. ಕಾರಿಡಾರಿನಲ್ಲಿ ಎದುರಾದರೆ ಹಿಂದಿನಂತೆಯೇ ನಗುತ್ತಾರೆ, ನಾನು ಈಗಲೂ ಗೋಡೆಗೆ ಸರಿದು ದಾರಿ ಬಿಡುತ್ತೇನೆ. ಅಧ್ಯಾಯಕ್ಕೆ ಸಹಿ ಬಿದ್ದಿಲ್ಲ. ಬೇರೆ ಗೈಡ್ ಸಿಕ್ಕರೆ ಒಂದೆರಡು ವರ್ಷ ಹಿಂದಕ್ಕೆ, ಸಿಗದಿದ್ದರೆ ಗೊತ್ತಿಲ್ಲ. ಮೇಷ್ಟ್ರು ರಾಜೀನಾಮೆ ಕೊಟ್ಟಿಲ್ಲವಂತೆ, ಆ ಮೇಜು ತನಗೂ ಬೇಡ ಎಂದು ಮುಖ್ಯಸ್ಥೆಗೆ ಬರೆದಿದ್ದಾನೆ. ನೀನು ಹೊಳೆಯಾಚೆಗೆ ಒಪ್ಪಿಗೆ ಬರೆದುಬಿಡು, ಇವತ್ತೇ.

ನಿನ್ನೆ ಏಣಿಯ ಮನೆಗೆ ಹೋಗಿದ್ದೆ. ಅವನು ಬಿದ್ದ ದಿನದಿಂದ ಹೋಗಿರಲಿಲ್ಲ. ಅವನ ತಾಯಿ ಬಟ್ಟೆ ಮಡಿಸುತ್ತಿದ್ದರು, ಅವನ ತಂಗಿ ತುಂಬು ಬಸುರಿ, ಗೋಡೆಗೆ ಒರಗಿ ಕೂತಿದ್ದಳು. ಏಣಿ ಕಿಟಕಿಯ ಹತ್ತಿರ ಇದ್ದ. ಕೂತವನು ಅಷ್ಟು ಉದ್ದ ಕಾಣಲಿಲ್ಲ.

ಎಲ್ಲ ಹೇಳಿದೆ. ಕೊನೆಗೆ ತಾಯಿ, "ಹಾಗಾದರೆ ಅದು ಮನೆತನದ ಕಾಯಿಲೆ ಅಲ್ಲವಾ?" ಎಂದರು.

"ಅಲ್ಲಮ್ಮ."

"ನನ್ನ ಕಡೆಯಿಂದ ಬಂದದ್ದಲ್ಲ?"

"ಯಾರ ಕಡೆಯಿಂದಲೂ ಅಲ್ಲ. ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ."

ಮಗಳ ಹೊಟ್ಟೆಯ ಕಡೆ ಕೈ ತೋರಿಸಿದರು. "ಅದಕ್ಕೆ ಬರಲ್ಲ?"

"ಬರಲ್ಲ" ಎಂದೆ.

ಮಗಳು ಮುಖ ಮುಚ್ಚಿಕೊಂಡು ಅತ್ತಳು. ಚಳಿಗಾಲವೆಲ್ಲ ಆ ಮನೆಯಲ್ಲಿ ಅದೊಂದೇ ಮಾತಂತೆ. ಸತ್ತುಹೋದ ಅಜ್ಜ, ಅಜ್ಜಿಯರನ್ನೆಲ್ಲ ಎಣಿಸಿ, ಯಾರಿಗೆ ಮೂರ್ಛೆ ಬರುತ್ತಿತ್ತು ಎಂದು ಊರೂರು ಕೇಳಿದ್ದಾರೆ. ನಾನು ಹೋಗಿ ಒಂದು ಮಾತು ಹೇಳಿದ್ದರೆ ಅದು ಅಂದೇ ನಿಲ್ಲುತ್ತಿತ್ತು.

ತಾಯಿ ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸಿದರು. "ಇಷ್ಟು ದಿನ ಯಾಕೆ ಬರಲಿಲ್ಲ ನೀನು?" ಎಂದರು. ಬೈಯುವ ದನಿಯಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದರು.

"ಹೆದರಿದ್ದೆ" ಎಂದೆ.

ಅವರು ಕ್ಷಮಿಸಿದೆ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನ ಊಟದ ಹೊತ್ತಾಯಿತು ಎಂದು ಎದ್ದು, ಒಳಗಿನಿಂದ ತಟ್ಟೆ ತಂದು ನನ್ನ ಮುಂದಿಟ್ಟರು. ಚಮಚ ನನ್ನ ಕಡೆಗೆ ತಿರುಗಿತ್ತು.

ಅಕ್ಕ